ಲೇಟೆಕ್‌ನಿಂದ ಎಚ್‌ಟಿಎಂಎಲ್‌ಗೆ ಬದಲಾಗುವಾಗ ಚಿತ್ರಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಪುಣೆಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಬೆಳಗಾವಿ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ಬರುವ ಕನ್ನಡದ ವಿದ್ಯಾರ್ಥಿಗಳಿಗಾಗಿ ಸಹ್ಯಾದ್ರಿಯ ಬಸಾಲ್ಟ್ ಶಿಲೆಗಳ ಬಗ್ಗೆ ಲೇಟೆಕ್‌ನಲ್ಲಿ (ಆದೇಶಗಳನ್ನು ಬರೆದು ಪುಟ ಜೋಡಿಸುವ ತಂತ್ರಾಂಶ) ಕನ್ನಡ ಪಾಠಗಳನ್ನು ಬರೆದಿದ್ದೇನೆ. ಪಿಡಿಎಫ್ ಅಚ್ಚುಕಟ್ಟಾಗಿ ಬರುತ್ತದೆ. ಮೊಬೈಲಿನಲ್ಲಿ ಓದಲು ಅನುಕೂಲವಾಗಲೆಂದು ಎಚ್‌ಟಿಎಂಎಲ್‌ಗೆ ಪರಿವರ್ತಿಸಿದಾಗ ಕೆಲವು ಚಿತ್ರಗಳ ಜಾಗ ಖಾಲಿ ಉಳಿಯುತ್ತದೆ, ಕೆಲವು ಮಸುಕಾಗಿವೆ, ಕೆಲವು ಪರದೆಯನ್ನು ಮೀರಿ ಹಿಗ್ಗಿವೆ, ಒಂದು ಛಾಯಾಚಿತ್ರ ಅಡ್ಡ ಮಲಗಿದೆ. ಲೇಟೆಕ್‌ನೊಳಗೇ ಆದೇಶಗಳಿಂದ ಚಿತ್ರ ಬರೆಯುವ ಟಿಕ್ಜ್‌ನಲ್ಲಿ ಬರೆದ ಅಡ್ಡಸೀಳಿಕೆಗಳು ಬಂದೇ ಇಲ್ಲ. ಮಳೆಯ ಪ್ರಮಾಣದ ನಕ್ಷೆಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದುಹೋಗಿವೆ. ಎಚ್‌ಟಿಎಂಎಲ್ ಕಡತವನ್ನು ತೆರೆದು ಒಂದೊಂದನ್ನೂ ಕೈಯಿಂದ ಸರಿಪಡಿಸುವುದೊಂದೇ ದಾರಿಯೇ?

ಉತ್ತರ: ಅಲ್ಲ, ಆ ದಾರಿಯನ್ನು ಹಿಡಿಯಲೇಬೇಡಿ ಎಂದು ಮೊದಲಿಗೇ ಹೇಳುತ್ತೇನೆ. ಪಾಠವೆಂದ ಮೇಲೆ ಪ್ರತಿ ವರ್ಷ ತಿದ್ದುಪಡಿ ಇದ್ದೇ ಇರುತ್ತದೆ, ಪ್ರತಿ ತಿದ್ದುಪಡಿಯ ನಂತರವೂ ಪರಿವರ್ತನೆಯನ್ನು ಮತ್ತೆ ಮಾಡಬೇಕಾಗುತ್ತದೆ, ಆಗ ನೀವು ಎಚ್‌ಟಿಎಂಎಲ್‌ನಲ್ಲಿ ಕೈಯಾರೆ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ. ಸರಿಪಡಿಸಬೇಕಾದ ಜಾಗಗಳು ಎರಡೇ: ಲೇಟೆಕ್ ಮೂಲಕಡತ ಮತ್ತು ಚಿತ್ರದ ಕಡತಗಳು. ನೀವು ಪಟ್ಟಿಮಾಡಿದ ತೊಂದರೆಗಳಲ್ಲಿ ಹೆಚ್ಚಿನವು ಪರಿವರ್ತಕದ ಕೊರತೆಗಳಲ್ಲ. ಪರಿವರ್ತಕದ ಕೈಗೆ ಹೋಗುವ ಮೊದಲೇ ಚಿತ್ರಗಳು ವೆಬ್‌ಗೆ ಸಿದ್ಧವಾಗಿರಲಿಲ್ಲ ಎಂಬುದರ ಪರಿಣಾಮಗಳು.

ಪಿಡಿಎಫ್ ತಯಾರಾಗುವಾಗ ಚಿತ್ರದ ಕಡತ ಅದರ ಒಡಲೊಳಗೇ ಸೇರಿಹೋಗುತ್ತದೆ. ಎಚ್‌ಟಿಎಂಎಲ್‌ನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಅಲ್ಲಿ ಇರುವುದು ಚಿತ್ರದ ವಿಳಾಸ ಮಾತ್ರ. ಆ ವಿಳಾಸದಲ್ಲಿ ಕಡತ ಇರಬೇಕು, ಇದ್ದರೂ ಅದು ಬ್ರೌಸರ್‌ಗೆ ತೋರಿಸಲು ಬರುವ ಬಗೆಯದಾಗಿರಬೇಕು. ಲೇಟೆಕ್ ಬಳಸುವವರಿಗೆ ಅಭ್ಯಾಸವಾಗಿರುವುದು ಎರಡು ಬಗೆಯ ರೇಖಾಚಿತ್ರ ಕಡತಗಳು: ಹಳೆಯ ಡಿವಿಐ (ಪಿಡಿಎಫ್‌ಗೆ ಮೊದಲಿನ ಲೇಟೆಕ್ ಕಡತದ ಬಗೆ) ಮಾರ್ಗದಲ್ಲಿ ಇಪಿಎಸ್, ಈಗಿನ ಪಿಡಿಎಫ್‌ಲೇಟೆಕ್, ಜೀಲೇಟೆಕ್, ಲುವಾಲೇಟೆಕ್ ಮಾರ್ಗಗಳಲ್ಲಿ ಪಿಡಿಎಫ್. ಬ್ರೌಸರ್‌ನ ಚಿತ್ರದ ಟ್ಯಾಗ್ ಇಪಿಎಸ್ಸನ್ನು ಎಲ್ಲಿಯೂ ಒಪ್ಪುವುದಿಲ್ಲ, ಪಿಡಿಎಫ್ಫನ್ನು ಬಹುತೇಕ ಎಲ್ಲಿಯೂ ಒಪ್ಪುವುದಿಲ್ಲ. ಅದಕ್ಕೆ ಬೇಕಾದವು ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಮತ್ತು ರೇಖಾಚಿತ್ರಗಳಿಗೆ ಎಸ್‌ವಿಜಿ. ಎಂದರೆ ಛಾಯಾಚಿತ್ರಗಳು ಎರಡೂ ಲೋಕಗಳಲ್ಲಿ ಹಾಗೆಯೇ ಸಲ್ಲುತ್ತವೆ, ರೇಖಾಚಿತ್ರಗಳು ಮಾತ್ರ ಸಲ್ಲುವುದಿಲ್ಲ. ನಿಮ್ಮ ಪುಟದ ಖಾಲಿ ಜಾಗಗಳು ಬಹುಮಟ್ಟಿಗೆ ಪಿಡಿಎಫ್ ರೂಪದ ನಕ್ಷೆಗಳಿದ್ದ ಜಾಗಗಳೇ ಆಗಿರಬೇಕು. ಬ್ರೌಸರ್‌ನ ಡೆವಲಪರ್ ಪರಿಕರಗಳಲ್ಲಿ ನೆಟ್‌ವರ್ಕ್ ಭಾಗವನ್ನು ತೆರೆದು ಪುಟವನ್ನು ಮತ್ತೆ ಲೋಡ್ ಮಾಡಿದರೆ ಯಾವ ಕಡತಕ್ಕಾಗಿ ಅದು ಹುಡುಕಿತು, ಯಾವುದಕ್ಕೆ 404, ಅಂದರೆ ಕಡತ ಸಿಗಲಿಲ್ಲ ಎಂಬ ಉತ್ತರ ಬಂತು ಎಂಬುದು ಕಾಣುತ್ತದೆ. ಊಹೆಯಿಂದ ಹೊರಡುವುದಕ್ಕಿಂತ ಅಲ್ಲಿಂದ ಹೊರಡುವುದು ಲೇಸು.

ಯಾವ ಪರಿವರ್ತಕವನ್ನು ಬಳಸುತ್ತಿದ್ದೀರಿ ಎಂಬುದನ್ನು ನೀವು ಬರೆದಿಲ್ಲ. ಅವುಗಳ ಸ್ವಭಾವ ಒಂದೇ ಅಲ್ಲವಾದ್ದರಿಂದ ಸ್ವಲ್ಪ ವಿವರಿಸಬೇಕಾಗುತ್ತದೆ. 1990ರ ದಶಕದ ಆರಂಭದಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ನಿಕೋಸ್ ಡ್ರಾಕೋಸ್ ರೂಪಿಸಿದ ಲೇಟೆಕ್‌ಟುಎಚ್‌ಟಿಎಂಎಲ್, ತನಗೆ ತಿಳಿಯದ ಪ್ರತಿಯೊಂದನ್ನೂ, ಸಮೀಕರಣಗಳನ್ನೂ ಸೇರಿಸಿ, ಸಣ್ಣ ಬಿಂದುಚಿತ್ರವಾಗಿ ಮಾಡಿ ಪುಟದಲ್ಲಿ ಅಂಟಿಸುತ್ತಿತ್ತು. ಹಳೆಯ ವೆಬ್‌ಪುಟಗಳಲ್ಲಿ ಕಾಣುವ ಮಸುಕಾದ ಸೂತ್ರಗಳಿಗೆ ಅದೇ ಕಾರಣ. ಇಂದು ಅದನ್ನು ಹೊಸ ಕೆಲಸಕ್ಕೆ ಬಳಸುವ ಅಗತ್ಯವಿಲ್ಲ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಐತಾನ್ ಗುರಾರಿ ಅವರ ಟೆಕ್‌ಫೋರ್‌ಎಚ್‌ಟಿ ನಿಜವಾದ ಲೇಟೆಕ್ಕನ್ನೇ ಓಡಿಸಿ ಡಿವಿಐ ಕಡತದ ಮೂಲಕ ಎಚ್‌ಟಿಎಂಎಲ್ ತೆಗೆಯುತ್ತದೆ. ಅವರು 2009ರಲ್ಲಿ ತೀರಿಕೊಂಡ ಮೇಲೂ ಬೇರೆಯವರು ಅದನ್ನು ಕಾಪಾಡಿಕೊಂಡು ಬಂದಿದ್ದಾರೆ, ಮಿಖಾಲ್ ಹೋಫ್ಟಿಕ್ ಅವರ ಮೇಕ್‌ಫೋರ್‌ಎಚ್‌ಟಿ ಎಂಬ ಚಾಲಕ ಅದನ್ನು ಸುಲಭಗೊಳಿಸಿದೆ. ಅಮೆರಿಕದ ನಿಸ್ಟ್ ಸಂಸ್ಥೆಯ ಬ್ರೂಸ್ ಮಿಲ್ಲರ್ ಗಣಿತದ ವಿಶೇಷ ಫಲನಗಳ ಡಿಜಿಟಲ್ ಗ್ರಂಥಕ್ಕಾಗಿ ಬರೆದ ಲೇಟೆಕ್‌ಎಂಎಲ್, ಲೇಟೆಕ್ಕನ್ನು ಓಡಿಸುವುದಿಲ್ಲ. ಅದರ ಭಾಷೆಯನ್ನು ತಾನೇ ಓದಿ ಅರ್ಥಮಾಡಿಕೊಳ್ಳುತ್ತದೆ. 2023ರ ಡಿಸೆಂಬರ್‌ನಿಂದ ಆರ್ಕೈವ್ (arXiv) ಎಂಬ ವಿಜ್ಞಾನ ಪ್ರಬಂಧಗಳ ಜಾಲತಾಣ ತನ್ನ ಪ್ರಬಂಧಗಳ ಎಚ್‌ಟಿಎಂಎಲ್ ರೂಪವನ್ನು ತೋರಿಸುತ್ತಿರುವುದು ಇದರ ಬಲದಿಂದಲೇ. ಬರ್ಕ್ಲಿಯ ತತ್ವಶಾಸ್ತ್ರ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ ಅವರ ಪ್ಯಾನ್‌ಡಾಕ್ ಕೂಡ ಲೇಟೆಕ್ಕನ್ನು ಓಡಿಸುವುದಿಲ್ಲ, ಆದರೆ ಅದಕ್ಕೆ ತಿಳಿದಿರುವ ಲೇಟೆಕ್ ಲೇಟೆಕ್‌ಎಂಎಲ್‌ಗಿಂತ ಬಹಳ ಕಡಿಮೆ. ಬ್ರಯಾನ್ ಡನ್ ಅವರ ಎಲ್‌ವಾರ್ಪ್ ಎಂಬ ಪ್ಯಾಕೇಜೂ ಇದೆ; ಅದು ಲೇಟೆಕ್‌ನಿಂದಲೇ ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು ಬರೆಸಿ, ಪಿಡಿಎಫ್‌ನಿಂದ ಪಠ್ಯವನ್ನು ಹೊರತೆಗೆಯುತ್ತದೆ.

ಚಿತ್ರಗಳ ವಿಷಯದಲ್ಲಿ ಇವುಗಳ ನಡವಳಿಕೆ ಹೀಗಿದೆ. ಲೇಟೆಕ್‌ಎಂಎಲ್ ಪಿಡಿಎಫ್ ಮತ್ತು ಇಪಿಎಸ್ ಚಿತ್ರಗಳನ್ನು ತಾನೇ ಪಿಎನ್‌ಜಿಗೆ ಬದಲಿಸಿಕೊಳ್ಳುತ್ತದೆ, ಆದರೆ ಅದಕ್ಕೆ ಚಿತ್ರಗಳನ್ನು ಬದಲಿಸುವ ಇಮೇಜ್‌ಮ್ಯಾಜಿಕ್ ಮತ್ತು ಪಿಡಿಎಫ್, ಇಪಿಎಸ್ ಓದುವ ಘೋಸ್ಟ್‌ಸ್ಕ್ರಿಪ್ಟ್ ಕಂಪ್ಯೂಟರಿನಲ್ಲಿ ಇರಬೇಕು. ಇದ್ದರೂ ಸಾಲದು. 2018ರಲ್ಲಿ ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಗಂಭೀರವಾದ ಭದ್ರತಾ ದೋಷಗಳು ಹೊರಬಿದ್ದ ನಂತರ ಹಲವು ಲಿನಕ್ಸ್ ವಿತರಣೆಗಳು ಇಮೇಜ್‌ಮ್ಯಾಜಿಕ್‌ನ ಪಾಲಿಸಿ ಕಡತದಲ್ಲಿ ಪಿಡಿಎಫ್ ಮತ್ತು ಇಪಿಎಸ್ ಓದುವುದನ್ನೇ ತಡೆದಿಟ್ಟವು, ಆದ್ದರಿಂದ ಎಲ್ಲವೂ ಸರಿಯಾಗಿ ಸ್ಥಾಪನೆಯಾದಂತೆ ಕಂಡರೂ ಚಿತ್ರ ಬದಲಾಗದೆ ಉಳಿಯಬಹುದು. ಪ್ಯಾನ್‌ಡಾಕ್ ಯಾವ ಚಿತ್ರವನ್ನೂ ಬದಲಿಸುವುದಿಲ್ಲ. ಪಿಡಿಎಫ್ ಚಿತ್ರ ಸಿಕ್ಕರೆ ಅದನ್ನು ಎಂಬೆಡ್ ಟ್ಯಾಗ್‌ನೊಳಗೆ ಇಟ್ಟುಬಿಡುತ್ತದೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಅದು ಸುರುಳಿಪಟ್ಟಿಗಳ ಸಮೇತ ಒಂದು ಕಿಟಕಿಯಾಗಿ ಕಾಣಿಸಿಕೊಳ್ಳುತ್ತದೆ, ವಿದ್ಯಾರ್ಥಿಯ ಮೊಬೈಲಿನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಟೆಕ್‌ಫೋರ್‌ಎಚ್‌ಟಿ ಡಿವಿಐ ಮಾರ್ಗದಲ್ಲಿ ಹೋಗುವುದರಿಂದ ಪಿಎನ್‌ಜಿ, ಜೆಪೆಗ್ ಚಿತ್ರಗಳ ಅಳತೆಯೇ ಅದಕ್ಕೆ ತಿಳಿಯದೆ, ಚೌಕಟ್ಟಿನ ಅಳತೆ ಇಲ್ಲವೆಂಬ ದೋಷಸಂದೇಶ ಬರುವುದುಂಟು. ಎಕ್ಸ್‌ಟ್ರ್ಯಾಕ್ಟ್‌ಬಿಬಿ ಎಂಬ ಸಣ್ಣ ಉಪಕರಣ ಪ್ರತಿ ಚಿತ್ರಕ್ಕೂ ಒಂದು ಅಳತೆಯ ಕಡತವನ್ನು ಬರೆದುಕೊಟ್ಟರೆ ಆ ದೋಷ ಹೋಗುತ್ತದೆ.

ನಿಮ್ಮ ಕೆಲಸಕ್ಕೆ ನಾನು ಹೇಳುವುದು ಮೇಕ್‌ಫೋರ್‌ಎಚ್‌ಟಿ. ನಿಜವಾದ ಲೇಟೆಕ್ ಓಡುವುದರಿಂದ ನೀವು ಬರೆದುಕೊಂಡ ಆದೇಶಗಳು, ಚಿತ್ರಸಂಖ್ಯೆಗಳು, ಅಡ್ಡ ಉಲ್ಲೇಖಗಳು ಎಲ್ಲವೂ ಪಿಡಿಎಫ್‌ನಲ್ಲಿ ಇದ್ದಂತೆಯೇ ಬರುತ್ತವೆ; ಪಾಠದಲ್ಲಿ «ಚಿತ್ರ 4ನ್ನು ನೋಡಿ» ಎಂದು ಇದ್ದಾಗ ಅದು ನಾಲ್ಕನೆಯ ಚಿತ್ರವನ್ನೇ ತೋರಿಸಬೇಕಲ್ಲವೇ. ಆದರೆ ಚಿತ್ರಗಳ ಪರಿವರ್ತನೆಯನ್ನು ಯಾವ ಪರಿವರ್ತಕಕ್ಕೂ ಬಿಡದೆ, ಮೊದಲೇ ನಿಮ್ಮ ಕೈಯಲ್ಲಿ ಮುಗಿಸಿಕೊಳ್ಳಿ. ಹಾಗೆ ಮಾಡಿದರೆ ನಾಳೆ ಪರಿವರ್ತಕವನ್ನು ಬದಲಿಸಿದರೂ ಚಿತ್ರಗಳ ಕೆಲಸ ವ್ಯರ್ಥವಾಗುವುದಿಲ್ಲ.

ಇದಕ್ಕೆ ಅಡಿಪಾಯ ಒಂದು ಸಣ್ಣ ಶಿಸ್ತು: ಇನ್‌ಕ್ಲೂಡ್‌ಗ್ರಾಫಿಕ್ಸ್ ಆದೇಶದೊಳಗೆ ಚಿತ್ರದ ಹೆಸರನ್ನು ಬಾಲವಿಲ್ಲದೆ ಬರೆಯಿರಿ, ಅಂದರೆ ಚುಕ್ಕೆಯ ನಂತರ ಬರುವ ಪಿಡಿಎಫ್, ಪಿಎನ್‌ಜಿ ಎಂಬ ವಿಸ್ತರಣೆಯನ್ನು ಬಿಟ್ಟುಬಿಡಿ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕಡತಗಳಿರಲಿ, ಒಂದು ಪಿಡಿಎಫ್, ಇನ್ನೊಂದು ಎಸ್‌ವಿಜಿ. ಪಿಡಿಎಫ್ ತಯಾರಿಸುವ ಲೇಟೆಕ್ ತನಗೆ ಬೇಕಾದುದನ್ನು ಎತ್ತಿಕೊಳ್ಳುತ್ತದೆ. ವೆಬ್‌ನ ಕಡೆಗೆ, ಟೆಕ್‌ಫೋರ್‌ಎಚ್‌ಟಿಯ ಸಂರಚನಾ ಕಡತದಲ್ಲಿ ಡಿಕ್ಲೇರ್‌ಗ್ರಾಫಿಕ್ಸ್‌ಎಕ್ಸ್‌ಟೆನ್ಷನ್ಸ್ ಆದೇಶದಿಂದ ಎಸ್‌ವಿಜಿ ಮೊದಲು, ನಂತರ ಪಿಎನ್‌ಜಿ, ನಂತರ ಜೆಪೆಗ್ ಎಂಬ ಕ್ರಮವನ್ನು ತಿಳಿಸಬಹುದು. ಪ್ಯಾನ್‌ಡಾಕ್ ಬಳಸುವುದಾದರೆ ವಿಸ್ತರಣೆ ಇಲ್ಲದ ಚಿತ್ರಗಳಿಗೆ ಯಾವುದನ್ನು ಸೇರಿಸಬೇಕೆಂದು ಹೇಳುವ ಆಯ್ಕೆ ಅದರಲ್ಲೇ ಇದೆ. ಎಲ್‌ವಾರ್ಪ್‌ನ ಕೈಪಿಡಿಯೂ ರೇಖಾಚಿತ್ರಗಳಿಗೆ ಇದನ್ನೇ ಹೇಳುತ್ತದೆ. ಇದರಿಂದ ಮೂಲಕಡತ ಒಂದೇ ಉಳಿಯುತ್ತದೆ. ಪಿಡಿಎಫ್‌ಗೊಂದು ಪ್ರತಿ, ವೆಬ್‌ಗೊಂದು ಪ್ರತಿ ಎಂದು ಇಟ್ಟುಕೊಂಡವರು ಒಂದು ವರ್ಷದೊಳಗೆ ಎರಡಕ್ಕೂ ತಾಳೆಯಿಲ್ಲದೆ ಕಷ್ಟಪಡುವುದು ಖಚಿತ.

ಪಿಡಿಎಫ್ ರೇಖಾಚಿತ್ರವನ್ನು ಎಸ್‌ವಿಜಿ ಮಾಡುವುದು ಕಷ್ಟವಲ್ಲ. ಪಾಪ್ಲರ್ ಉಪಕರಣಗಳ ಜೊತೆ ಬರುವ ಪಿಡಿಎಫ್‌ಟುಕೈರೋಗೆ ಎಸ್‌ವಿಜಿ ಆಯ್ಕೆಯನ್ನು ಕೊಟ್ಟರೆ ಒಂದೊಂದು ಕಡತವೂ ಕ್ಷಣದಲ್ಲಿ ಮುಗಿಯುತ್ತದೆ. ಇಂಕ್‌ಸ್ಕೇಪ್ ಮತ್ತು ಮಾರ್ಟಿನ್ ಗೀಸೆಕಿಂಗ್ ಅವರ ಡಿವಿಐಎಸ್‌ವಿಜಿಎಂ ಕೂಡ ಇದನ್ನು ಮಾಡುತ್ತವೆ. ನಕ್ಷೆ ಪೈಥಾನ್ ಅಥವಾ ಆರ್ ಭಾಷೆಯಲ್ಲಿ ಹುಟ್ಟಿದ್ದರೆ ಅಲ್ಲಿಂದಲೇ ಪಿಡಿಎಫ್ ಮತ್ತು ಎಸ್‌ವಿಜಿ ಎರಡನ್ನೂ ಬರೆಸಿಬಿಡಿ. ಎಸ್‌ವಿಜಿ ಎಷ್ಟು ಹಿಗ್ಗಿಸಿದರೂ ಮಸುಕಾಗದು ಎಂಬುದು ಅದರ ದೊಡ್ಡ ಗುಣ. ಒಂದು ಎಚ್ಚರಿಕೆಯನ್ನು ಮಾತ್ರ ನೆನಪಿಡಿ: ಹತ್ತಾರು ಸಾವಿರ ಚುಕ್ಕೆಗಳಿರುವ ಚದುರು ನಕ್ಷೆಯನ್ನು ಎಸ್‌ವಿಜಿ ಮಾಡಿದರೆ ಪ್ರತಿ ಚುಕ್ಕೆಯೂ ಒಂದು ಪ್ರತ್ಯೇಕ ಆಕೃತಿಯಾಗಿ, ಕಡತ ಹಲವು ಮೆಗಾಬೈಟ್‌ಗಳಿಗೆ ಬೆಳೆದು, ಮೊಬೈಲ್ ತಡವರಿಸುತ್ತದೆ. ಅಂಥದ್ದನ್ನು ಪಿಎನ್‌ಜಿಯಾಗಿಯೇ ಮಾಡಿ. ಪಿಎನ್‌ಜಿ ಮಾಡುವಾಗ ಸಾಂದ್ರತೆಯನ್ನು ಹೇಳದೆ ಬಿಟ್ಟರೆ ಇಮೇಜ್‌ಮ್ಯಾಜಿಕ್ ಪಿಡಿಎಫ್ಫನ್ನು ಅಂಗುಲಕ್ಕೆ 72 ಬಿಂದುಗಳಂತೆ ಓದುತ್ತದೆ. ನಿಮ್ಮ ಮಸುಕು ಚಿತ್ರಗಳಿಗೆ ಇದೇ ಕಾರಣವಿರಬಹುದು. 200ರಿಂದ 300ರವರೆಗಿನ ಸಾಂದ್ರತೆಯನ್ನು ಸ್ಪಷ್ಟವಾಗಿ ಕೇಳಿ. ಇಮೇಜ್‌ಮ್ಯಾಜಿಕ್ ಕಡತವನ್ನು ಓದುವ ಮೊದಲೇ ಅದನ್ನು ಕೇಳಬೇಕು, ಓದಿದ ಮೇಲೆ ಹಿಗ್ಗಿಸಿ ಪ್ರಯೋಜನವಿಲ್ಲ.

ಇನ್ನು ಕನ್ನಡದ ಒತ್ತಕ್ಷರಗಳ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಇದು. ಏಕೆಂದರೆ ಉಳಿದ ತೊಂದರೆಗಳಿಗೆ ಉತ್ತರ ಎಲ್ಲ ಕಡೆ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ. ಕನ್ನಡದ «ಸಹ್ಯಾದ್ರಿ» ಎಂಬ ಪದ ಕಂಪ್ಯೂಟರಿನಲ್ಲಿ ಸ, ಹ, ವಿರಾಮ, ಯ, ದೀರ್ಘ, ದ, ವಿರಾಮ, ರ, ಗುಡಿಸು ಎಂಬ ಕ್ರಮದಲ್ಲಿ ಕೂತಿರುತ್ತದೆ. ಅದನ್ನು ಯ ಒತ್ತು, ರ ಒತ್ತುಗಳಿರುವ ಪದವಾಗಿ ಜೋಡಿಸುವುದು ಹಾರ್ಫ್‌ಬಜ್‌ನಂತಹ ಅಕ್ಷರಜೋಡಣೆಯ ಎಂಜಿನ್. ಜೀಲೇಟೆಕ್ ಅದನ್ನು ತಾನಾಗಿಯೇ ಬಳಸುತ್ತದೆ. ಲುವಾಲೇಟೆಕ್‌ನಲ್ಲಿ ಫಾಂಟ್‌ಸ್ಪೆಕ್ ಪ್ಯಾಕೇಜಿಗೆ ರೆಂಡರರ್ ಹಾರ್ಫ್‌ಬಜ್ ಎಂದೂ ಲಿಪಿ ಕನ್ನಡ ಎಂದೂ ಹೇಳಬೇಕು. ನಕ್ಷೆ ಬರೆಯುವ ತಂತ್ರಾಂಶಗಳಲ್ಲಿ ಈ ಎಂಜಿನ್ ಇದ್ದೇ ಇರುತ್ತದೆಂದು ಹೇಳುವಂತಿಲ್ಲ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್ ಬಹುಕಾಲದಿಂದ ಒಂದು ಅಕ್ಷರದ ಪಕ್ಕದಲ್ಲಿ ಇನ್ನೊಂದು ಅಕ್ಷರವನ್ನು ಇಡುತ್ತ ಬಂದಿದೆಯೇ ಹೊರತು ಒತ್ತಕ್ಷರವನ್ನು ಕೂಡಿಸುವುದನ್ನು ಕಲಿತಿರಲಿಲ್ಲ. ಆದ್ದರಿಂದ ನಿಮ್ಮ ಮಳೆಯ ನಕ್ಷೆಯಲ್ಲಿ ಒಡೆದಿರುವ ಅಕ್ಷರಗಳು ಪರಿವರ್ತನೆಯಲ್ಲಿ ಒಡೆದವೋ, ಹುಟ್ಟುವಾಗಲೇ ಒಡೆದಿದ್ದವೋ ಎಂದು ಮೂಲ ಪಿಡಿಎಫ್ ಚಿತ್ರವನ್ನು ತೆರೆದು ಮೊದಲು ನೋಡಿ.

ಹುಟ್ಟುವಾಗಲೇ ಒಡೆದಿದ್ದರೆ, ಮ್ಯಾಟ್‌ಪ್ಲಾಟ್‌ಲಿಬ್‌ನ ಪಿಜಿಎಫ್ ಹಿನ್ನೆಲೆಯನ್ನು (ನಕ್ಷೆಯನ್ನು ಲೇಟೆಕ್ ಮೂಲಕ ಬರೆಸುವ ವಿಧಾನ) ಆರಿಸಿ, ಅದಕ್ಕೆ ಜೀಲೇಟೆಕ್ ಬಳಸಲು ಹೇಳಿ. ಆಗ ಅಕ್ಷಗಳ ಮೇಲಿನ ಬರಹವನ್ನು ಲೇಟೆಕ್ಕೇ ಜೋಡಿಸುವುದರಿಂದ ಕನ್ನಡ ಸರಿಯಾಗಿ ಬರುತ್ತದೆ. ಅಥವಾ ದತ್ತಾಂಶವನ್ನು ನೇರವಾಗಿ ಲೇಟೆಕ್‌ನ ನಕ್ಷೆ ಪ್ಯಾಕೇಜಾದ ಪಿಜಿಎಫ್‌ಪ್ಲಾಟ್ಸ್‌ನಲ್ಲಿ ಚಿತ್ರಿಸಿ. ಸರಿಯಾಗಿದ್ದ ಕನ್ನಡ ಎಸ್‌ವಿಜಿಗೆ ಬಂದಾಗ ಒಡೆದಿದ್ದರೆ ಕಾರಣ ಬೇರೆ. ಎಸ್‌ವಿಜಿಯೊಳಗೆ ಬರಹವನ್ನು ಎರಡು ರೀತಿಯಲ್ಲಿ ಇಡಬಹುದು: ಅಕ್ಷರವಾಗಿ, ಅಥವಾ ಅಕ್ಷರದ ಹೊರಗೆರೆಯಾಗಿ. ಅಕ್ಷರವಾಗಿಟ್ಟರೆ ಓದುವವರ ಸಾಧನದಲ್ಲಿ ಆ ಫಾಂಟ್ ಇರಬೇಕು. ನಿಮ್ಮ ಪುಟಕ್ಕೆ ಒಳ್ಳೆಯ ಕನ್ನಡ ವೆಬ್‌ಫಾಂಟನ್ನು ಜೋಡಿಸಿದ್ದೀರಿ ಎಂದುಕೊಳ್ಳೋಣ; ಚಿತ್ರದ ಟ್ಯಾಗ್‌ನಿಂದ ಬಂದ ಎಸ್‌ವಿಜಿ ಆ ಫಾಂಟನ್ನು ಬಳಸಲಾರದು. ಚಿತ್ರವಾಗಿ ಸೇರಿದ ಎಸ್‌ವಿಜಿ ಹೊರಗಿನ ಯಾವ ಕಡತವನ್ನೂ ತರಿಸಿಕೊಳ್ಳಬಾರದೆಂಬುದು ಬ್ರೌಸರ್‌ಗಳ ಭದ್ರತಾ ನಿಯಮ, ಪುಟದ ಶೈಲಿಯೂ ಅದರೊಳಗೆ ಇಳಿಯುವುದಿಲ್ಲ. ಹೀಗಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಂದವಾಗಿ ಕಂಡ ಚಿತ್ರ ವಿದ್ಯಾರ್ಥಿಯ ಮೊಬೈಲಿನಲ್ಲಿ ಬೇರೆ ಫಾಂಟಿನಲ್ಲಿ, ಬೇರೆ ಅಗಲದಲ್ಲಿ, ಒಂದರ ಮೇಲೊಂದು ಏರಿದ ಬರಹದೊಂದಿಗೆ ಕಾಣುತ್ತದೆ.

ಹೊರಗೆರೆಯಾಗಿ ಇಟ್ಟರೆ ಈ ಚಿಂತೆ ಇಲ್ಲ. ಪಿಡಿಎಫ್‌ಟುಕೈರೋ ಮಾಡುವುದು ಇದನ್ನೇ. ಡಿವಿಐಎಸ್‌ವಿಜಿಎಂನಲ್ಲಿ ಫಾಂಟ್ ಬೇಡವೆಂಬ ಆಯ್ಕೆಯಿಂದಲೂ, ಇಂಕ್‌ಸ್ಕೇಪ್‌ನಲ್ಲಿ ಬರಹವನ್ನು ಪಥವಾಗಿಸುವ ಆಯ್ಕೆಯಿಂದಲೂ ಇದು ಸಾಧ್ಯ. ಜೀಲೇಟೆಕ್ ಜೋಡಿಸಿದ ಒತ್ತಕ್ಷರ ಹೇಗಿತ್ತೋ ಹಾಗೆಯೇ ಗೆರೆಯಾಗಿ ಉಳಿಯುತ್ತದೆ. ನಷ್ಟವೂ ಇದೆ: ಚಿತ್ರದೊಳಗಿನ ಪದಗಳನ್ನು ಹುಡುಕಲಾಗದು, ನಕಲಿಸಲಾಗದು, ಪರದೆ ಓದುವ ತಂತ್ರಾಂಶಕ್ಕೆ ಅವು ಕಾಣವು. ಕನ್ನಡದ ಪಾಠಪುಸ್ತಕಕ್ಕೆ ಈ ನಷ್ಟವನ್ನು ಒಪ್ಪಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ತಪ್ಪಾಗಿ ಕಾಣುವ ಕನ್ನಡಕ್ಕಿಂತ ಹುಡುಕಲಾಗದ ಕನ್ನಡ ಮೇಲು, ಹಾಗೂ ಆ ನಷ್ಟವನ್ನು ತುಂಬಿಕೊಡುವ ಪರ್ಯಾಯ ಪಠ್ಯದ (ಚಿತ್ರವನ್ನು ಮಾತುಗಳಲ್ಲಿ ಹೇಳುವ ವಿವರಣೆ) ಬಗ್ಗೆ ಮುಂದೆ ಹೇಳಲಿದ್ದೇನೆ. ಮತ್ತೊಂದು ವಿಷಯ: ಹೀಗೆ ಬಂದ ಎಸ್‌ವಿಜಿಗಳನ್ನು ಚಿತ್ರದ ಟ್ಯಾಗ್‌ನಿಂದಲೇ ಸೇರಿಸಿ, ಅವುಗಳ ಒಡಲನ್ನು ಎಚ್‌ಟಿಎಂಎಲ್ ಪುಟದೊಳಗೆ ನೇರವಾಗಿ ಸುರಿಯಬೇಡಿ. ಪಿಡಿಎಫ್‌ಟುಕೈರೋ ಪ್ರತಿ ಕಡತದಲ್ಲೂ ಅಕ್ಷರದ ಆಕೃತಿಗಳಿಗೆ ಅದೇ ಅದೇ ಗುರುತಿನ ಹೆಸರುಗಳನ್ನು ಕೊಡುತ್ತದೆ. ಎರಡು ಚಿತ್ರಗಳ ಒಡಲು ಒಂದೇ ಪುಟದೊಳಗೆ ಸೇರಿದರೆ ಎರಡನೆಯ ಚಿತ್ರ ಮೊದಲನೆಯದರ ಅಕ್ಷರಗಳನ್ನು ಎತ್ತಿಕೊಂಡು, «ಬಸಾಲ್ಟ್» ಎಂದು ಇರಬೇಕಾದ ಕಡೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ.

ಟಿಕ್ಜ್ ಚಿತ್ರಗಳು ಮಾಯವಾದದ್ದಕ್ಕೆ ಕಾರಣ, ಅವು ಕಡತಗಳೇ ಅಲ್ಲ. ಅವು ಲೇಟೆಕ್ ಓಡುವಾಗ ಹುಟ್ಟುವ ರೇಖೆಗಳು. ಲೇಟೆಕ್ಕನ್ನು ಓಡಿಸದ ಪ್ಯಾನ್‌ಡಾಕ್‌ಗೆ ಅವು ಅರ್ಥವಾಗುವುದಿಲ್ಲ. ಲುವಾ ಭಾಷೆಯಲ್ಲಿ ಒಂದು ಶೋಧಕವನ್ನು ಬರೆದು ಸೇರಿಸಿದರೆ ಮಾತ್ರ ಬರುತ್ತವೆ. ಲೇಟೆಕ್‌ಎಂಎಲ್ ಸರಳ ಟಿಕ್ಜ್ ಚಿತ್ರಗಳನ್ನು ತಾನೇ ಎಸ್‌ವಿಜಿ ಮಾಡುತ್ತದೆ, ಸಂಕೀರ್ಣವಾದವುಗಳಲ್ಲಿ ಎಡವುತ್ತದೆ. ಟೆಕ್‌ಫೋರ್‌ಎಚ್‌ಟಿಯಲ್ಲಿ, ಟಿಕ್ಜ್‌ಗೆ ಆಧಾರವಾದ ಪಿಜಿಎಫ್‌ನ ಹಳೆಯ ಚಾಲಕದ ಬದಲು ಡಿವಿಐಎಸ್‌ವಿಜಿಎಂ ಆಧಾರಿತ ಹೊಸ ಚಾಲಕವನ್ನು ಮೂಲಕಡತದ ಮೊದಲಲ್ಲೇ ಗೊತ್ತುಪಡಿಸಿದರೆ ಫಲಿತಾಂಶ ಚೆನ್ನಾಗಿರುತ್ತದೆ. ಆದರೂ ನಿಮ್ಮಂತೆ ಕೊಂಕಣದ ಕರಾವಳಿಯಿಂದ ದಖ್ಖನಿನ ಪ್ರಸ್ಥಭೂಮಿಯವರೆಗೆ ಲಾವಾ ಪದರಗಳನ್ನು ಬಣ್ಣ, ಗೀರು, ಕನ್ನಡ ಹೆಸರುಗಳೊಂದಿಗೆ ತೋರಿಸುವವರಿಗೆ ಅತ್ಯಂತ ಭದ್ರವಾದ ಮಾರ್ಗ ಸ್ಟ್ಯಾಂಡ್‌ಅಲೋನ್ ಎಂಬ ದಸ್ತಾವೇಜು ವರ್ಗ. ಪ್ರತಿ ಟಿಕ್ಜ್ ಚಿತ್ರವನ್ನೂ ಪ್ರತ್ಯೇಕ ಕಡತದಲ್ಲಿ ಬರೆದು, ಜೀಲೇಟೆಕ್‌ನಿಂದ ಅದನ್ನು ಅದರದೇ ಅಳತೆಯ ಪಿಡಿಎಫ್ ಮಾಡಿ, ಅಲ್ಲಿಂದ ಎಸ್‌ವಿಜಿ ತೆಗೆದುಕೊಳ್ಳಿ. ಆಮೇಲೆ ಪಾಠದಲ್ಲಿ ಅದು ಬೇರೆ ಯಾವ ಚಿತ್ರದಂತೆಯೇ ಇನ್‌ಕ್ಲೂಡ್‌ಗ್ರಾಫಿಕ್ಸ್‌ನಿಂದ ಬರುತ್ತದೆ. ಪಾಠವನ್ನು ಪ್ರತಿ ಸಲ ಜೋಡಿಸುವಾಗ ಟಿಕ್ಜ್ ಲೆಕ್ಕ ಹಾಕುವ ಸಮಯವೂ ಉಳಿಯುತ್ತದೆ.

ಅಳತೆಯ ವಿಷಯಕ್ಕೆ ಬರೋಣ. ಅಗಲವನ್ನು 0.6 ಟೆಕ್ಸ್ಟ್‌ವಿಡ್ತ್, ಅಂದರೆ ಸಾಲಿನ ಅಗಲದ 0.6 ಪಾಲು ಎಂದು ಬರೆದಾಗ ಅದಕ್ಕೆ ಅರ್ಥ ಕೊಡುವುದು ಕಾಗದದ ಪುಟ. ವೆಬ್‌ಪುಟಕ್ಕೆ ಅಂಥ ಸ್ಥಿರವಾದ ಅಗಲವಿಲ್ಲ. ಟೆಕ್‌ಫೋರ್‌ಎಚ್‌ಟಿ ಆ ಅಗಲವನ್ನು ಲೆಕ್ಕಹಾಕಿ ಪಿಕ್ಸೆಲ್‌ಗಳಲ್ಲಿ ಬರೆಯುತ್ತದೆ. ಟೆಕ್‌ನ ಒಂದು ಅಂಗುಲದಲ್ಲಿ 72.27 ಪಾಯಿಂಟ್‌ಗಳು, ವೆಬ್‌ನ ಒಂದು ಅಂಗುಲದಲ್ಲಿ 96 ಪಿಕ್ಸೆಲ್‌ಗಳು. ಆರ್ಟಿಕಲ್ ವರ್ಗದಲ್ಲಿ 10 ಪಾಯಿಂಟ್ ಅಕ್ಷರಕ್ಕೆ ಬರುವ 345 ಪಾಯಿಂಟ್ ಅಗಲದ ಸಾಲು ಸುಮಾರು 458 ಪಿಕ್ಸೆಲ್ ಆಗುತ್ತದೆ. ಅನೇಕ ಮೊಬೈಲುಗಳ ಪರದೆ, ಬ್ರೌಸರ್‌ನ ಲೆಕ್ಕದಲ್ಲಿ, 400 ಪಿಕ್ಸೆಲ್‌ಗಿಂತ ಕಿರಿದು. ಪುಟದ ಅಂಚನ್ನು ಚಿತ್ರ ದಾಟುವುದು ಹೀಗೆ. ಪ್ಯಾನ್‌ಡಾಕ್ ಇದೇ 0.6ನ್ನು ಶೇಕಡಾ 60 ಎಂದು ಬರೆಯುತ್ತದೆ, ಅದು ದೊಡ್ಡ ಪರದೆಗೆ ಸರಿ, ಮೊಬೈಲಿಗೆ ಚಿಕ್ಕದಾಯಿತು. ಎರಡಕ್ಕೂ ಪರಿಹಾರ ಶೈಲಿಯ ಕಡತದಲ್ಲಿದೆ: ಎಲ್ಲ ಚಿತ್ರಗಳಿಗೂ ಗರಿಷ್ಠ ಅಗಲ ಶೇಕಡಾ 100, ಎತ್ತರ ತಾನಾಗಿ ಹೊಂದಿಕೊಳ್ಳುವಂತೆ ಎಂಬ ಎರಡು ಸೂಚನೆಗಳನ್ನು ಒಮ್ಮೆ ಬರೆದರೆ ಸಾಕು. ಟ್ಯಾಗ್‌ನಲ್ಲಿರುವ ಅಗಲ, ಎತ್ತರದ ಸಂಖ್ಯೆಗಳನ್ನು ತೆಗೆದುಹಾಕಬೇಡಿ. ಚಿತ್ರ ಬಂದು ಸೇರುವ ಮೊದಲೇ ಬ್ರೌಸರ್ ಅದಕ್ಕೆ ಜಾಗ ಕಾದಿರಿಸಲು ಅವು ನೆರವಾಗುತ್ತವೆ. ಕರ್ಜತ್ ಮತ್ತು ಲೋಣಾವಳದ ನಡುವಿನ ಸುರಂಗಗಳಲ್ಲಿ ನೆಟ್‌ವರ್ಕ್ ಬಂದು ಹೋಗುವಾಗ ಪಾಠ ಓದುವ ವಿದ್ಯಾರ್ಥಿಗೆ, ಓದುತ್ತಿದ್ದ ಸಾಲು ಹಠಾತ್ತನೆ ಕೆಳಗೆ ಜಾರದಿರುವುದು ದೊಡ್ಡ ಉಪಕಾರ.

ಅಡ್ಡ ಮಲಗಿದ ಛಾಯಾಚಿತ್ರದ ಕಾರಣ ಬಹುಶಃ ಹೀಗಿದೆ. ಮೊಬೈಲಿನಲ್ಲಿ ತೆಗೆದ ಜೆಪೆಗ್‌ನಲ್ಲಿ ಚಿತ್ರವನ್ನು ಯಾವ ಕಡೆಗೆ ತಿರುಗಿಸಿ ತೋರಿಸಬೇಕೆಂಬ ಟಿಪ್ಪಣಿ ಎಕ್ಸಿಫ್ ಮಾಹಿತಿಯಲ್ಲಿ ಇರುತ್ತದೆ. ಪಿಡಿಎಫ್‌ಲೇಟೆಕ್ ಅದನ್ನು ನೋಡುವುದಿಲ್ಲ, ಇಂದಿನ ಬ್ರೌಸರ್‌ಗಳು ನೋಡುತ್ತವೆ. ಪಿಡಿಎಫ್‌ನಲ್ಲಿ ಅಡ್ಡ ಬಂದದ್ದನ್ನು ಕಂಡು ನೀವು ಆದೇಶದಲ್ಲಿ 90 ಡಿಗ್ರಿ ತಿರುಗಿಸಿರಬಹುದು; ವೆಬ್‌ನಲ್ಲಿ ಬ್ರೌಸರ್ ತಾನಾಗಿ ತಿರುಗಿಸುವುದರ ಜೊತೆ ನಿಮ್ಮ ತಿರುವೂ ಸೇರುತ್ತದೆ, ಅಥವಾ ಪರಿವರ್ತಕ ಅದನ್ನು ಕೈಬಿಡುತ್ತದೆ. ಇಮೇಜ್‌ಮ್ಯಾಜಿಕ್‌ನ ಆಟೋ ಓರಿಯೆಂಟ್ ಆಯ್ಕೆಯಿಂದ ಚಿತ್ರದ ಬಿಂದುಗಳನ್ನೇ ಸರಿಯಾದ ದಿಕ್ಕಿಗೆ ತಿರುಗಿಸಿ, ಆದೇಶದಲ್ಲಿನ ತಿರುವನ್ನು ತೆಗೆಯಿರಿ. ಅದೇ ಸಮಯದಲ್ಲಿ ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ, ಎಕ್ಸಿಫ್ ಮಾಹಿತಿಯನ್ನು ಅಳಿಸಿಬಿಡಿ. ಚಿತ್ರ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶಗಳೂ ಅದರಲ್ಲಿ ಇರುತ್ತವೆ, ಮನೆಯಲ್ಲಿ ಮೇಜಿನ ಮೇಲಿಟ್ಟು ತೆಗೆದ ಶಿಲೆಯ ಚಿತ್ರದಲ್ಲಿ ಮನೆಯ ವಿಳಾಸ ಇರಬೇಕಾಗಿಲ್ಲ. ಟ್ರಿಮ್, ಕ್ಲಿಪ್ ಎಂದು ಲೇಟೆಕ್‌ನಲ್ಲಿ ಅಂಚು ಕತ್ತರಿಸುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಪ್ಯಾನ್‌ಡಾಕ್ ಅಗಲ, ಎತ್ತರಗಳನ್ನು ಮಾತ್ರ ಉಳಿಸಿಕೊಂಡು ಕತ್ತರಿಸುವ ಸೂಚನೆಯನ್ನು ಕೈಬಿಡುತ್ತದೆ, ನೀವು ಮರೆಮಾಡಿದ ಅಂಚು ವೆಬ್‌ನಲ್ಲಿ ಮತ್ತೆ ಪ್ರತ್ಯಕ್ಷವಾಗುತ್ತದೆ. ಚಿತ್ರದ ಕಡತವನ್ನೇ ಕತ್ತರಿಸಿ; ಪಿಡಿಎಫ್‌ಗಳಿಗೆ ಪಿಡಿಎಫ್‌ಕ್ರಾಪ್ ಇದೆ.

ವೆಬ್‌ಗೆ ಪುಟಗಳಿಲ್ಲದ ಕಾರಣ ಚಿತ್ರಗಳು ತೇಲುವುದಿಲ್ಲ. ಫಿಗರ್ ಪರಿಸರವನ್ನು ಮೂಲದಲ್ಲಿ ಎಲ್ಲಿ ಬರೆದಿದ್ದೀರೋ ಅಲ್ಲಿಯೇ ಅದು ಕೂರುತ್ತದೆ. ಪ್ಯಾರಾದ ನಡುವೆ ಬರೆದಿದ್ದರೆ ವಾಕ್ಯವೇ ಸೀಳಿಹೋಗುತ್ತದೆ. ಚಿತ್ರವನ್ನು ಮೊದಲು ಹೆಸರಿಸಿದ ಪ್ಯಾರಾ ಮುಗಿದ ಮೇಲೆ, ಖಾಲಿ ಸಾಲು ಬಿಟ್ಟು, ಅದನ್ನು ಬರೆಯಿರಿ. «ಎದುರಿನ ಪುಟದ ಚಿತ್ರ», «ಮೇಲಿನ ಚಿತ್ರ» ಎಂಬ ಮಾತುಗಳನ್ನು ತೆಗೆದು ಲೇಬಲ್ ಮತ್ತು ರೆಫ್ ಆದೇಶಗಳಿಂದ ಉಲ್ಲೇಖಿಸಿ. ಲೇಬಲ್ ಯಾವಾಗಲೂ ಕ್ಯಾಪ್ಷನ್‌ನ ನಂತರವೇ ಬರಬೇಕು, ಮೊದಲು ಬಂದರೆ ಅದು ಚಿತ್ರದ ಬದಲು ವಿಭಾಗದ ಸಂಖ್ಯೆಯನ್ನು ಹಿಡಿದುಕೊಳ್ಳುತ್ತದೆ.

ಪರ್ಯಾಯ ಪಠ್ಯವನ್ನು ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಗ್ರಾಫಿಕ್ಸ್‌ಎಕ್ಸ್ ಪ್ಯಾಕೇಜಿನ ಇತ್ತೀಚಿನ ಆವೃತ್ತಿಗಳಲ್ಲಿ ಇನ್‌ಕ್ಲೂಡ್‌ಗ್ರಾಫಿಕ್ಸ್‌ಗೆ ಆಲ್ಟ್ ಎಂಬ ಆಯ್ಕೆಯಿದೆ. ಟೆಕ್‌ಫೋರ್‌ಎಚ್‌ಟಿ ಅದನ್ನು ಎಚ್‌ಟಿಎಂಎಲ್‌ಗೆ ಒಯ್ಯುತ್ತದೆ. ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಚಿತ್ರ ತಲುಪುವುದು ಆ ಮಾತುಗಳ ಮೂಲಕವೇ, ಹೊರಗೆರೆಯಾಗಿ ಮಾಡಿದ ಕನ್ನಡ ಬರಹದ ನಷ್ಟ ತುಂಬುವುದೂ ಅಲ್ಲಿಯೇ. ವಿದ್ಯುನ್ಮಾನ ಮಾಹಿತಿ ಅಂಗವಿಕಲರಿಗೂ ಎಟುಕುವಂತಿರಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯೂ ಹೇಳುತ್ತದೆ. ಕ್ಯಾಪ್ಷನ್ನನ್ನೇ ಮತ್ತೆ ಬರೆಯಬೇಡಿ. «ಸಹ್ಯಾದ್ರಿಯ ಅಡ್ಡಸೀಳಿಕೆ» ಎಂದರೆ ಏನೂ ಹೇಳಿದಂತಾಗಲಿಲ್ಲ. «ಎಡಕ್ಕೆ ಕೊಂಕಣದ ತಗ್ಗು, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಘಟ್ಟದ ಕಡಿದಾದ ಮುಖ, ಬಲಕ್ಕೆ ಪುಣೆಯ ಕಡೆಗೆ ನಿಧಾನವಾಗಿ ಇಳಿಯುವ ಪ್ರಸ್ಥಭೂಮಿ, ಲಾವಾ ಪದರಗಳು ಬಹುತೇಕ ಸಮತಲವಾಗಿವೆ» ಎಂದರೆ ಕಣ್ಣು ಕಂಡದ್ದು ಕಿವಿಗೂ ಸಿಗುತ್ತದೆ.

ಎಲ್ಲ ಸರಿಯಾದ ಮೇಲೆ ಕಾಲೇಜಿನ ಸರ್ವರಿಗೆ ಏರಿಸಿದಾಗ ಚಿತ್ರಗಳು ಮತ್ತೆ ಕಾಣೆಯಾಗಬಹುದು. ವಿಂಡೋಸ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸ ಕಡತದ ಹೆಸರಿಗೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಲಿನಕ್ಸ್ ಸರ್ವರಿನಲ್ಲಿ ಬರುತ್ತದೆ. ಹೆಸರುಗಳನ್ನು ಚಿಕ್ಕ ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆಗಳಲ್ಲೇ ಇಡಿ. ನಡುವೆ ಖಾಲಿ ಜಾಗ ಬೇಡ, ಕನ್ನಡದ ಹೆಸರೂ ಬೇಡ, ಏಕೆಂದರೆ ವಿಳಾಸವಾಗುವಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿಯಾಗುತ್ತದೆ. ಡ್ರೈವ್‌ನ ಅಕ್ಷರದಿಂದ ಹೊರಡುವ ಪೂರ್ಣ ಮಾರ್ಗಗಳು ನಿಮ್ಮ ಕಂಪ್ಯೂಟರಿನ ಹೊರಗೆ ಎಲ್ಲಿಯೂ ನಡೆಯುವುದಿಲ್ಲ. ಚಿತ್ರಗಳ ಫೋಲ್ಡರ್ ಪಾಠದ ಪಕ್ಕದಲ್ಲೇ ಇರಲಿ, ಗ್ರಾಫಿಕ್ಸ್‌ಪಾತ್ ಆದೇಶದಲ್ಲಿ ಅದರ ಹೆಸರಿನ ಕೊನೆಯ ಓರೆಗೆರೆಯನ್ನು ಮರೆಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಕಡತವಾಗಿ ಕಳಿಸಬೇಕಾದರೆ ಪ್ಯಾನ್‌ಡಾಕ್‌ನ ಎಂಬೆಡ್ ರಿಸೋರ್ಸಸ್ ಆಯ್ಕೆ ಚಿತ್ರಗಳನ್ನು ಎಚ್‌ಟಿಎಂಎಲ್‌ನೊಳಗೇ ಸೇರಿಸುತ್ತದೆ, ಆದರೆ ಆ ರೂಪದಲ್ಲಿ ಬಿಂದುಚಿತ್ರಗಳ ಗಾತ್ರ ಸುಮಾರು ಮೂರನೇ ಒಂದು ಪಾಲು ಹೆಚ್ಚುತ್ತದೆ.

ಸ್ಕ್ಯಾನ್ ಮಾಡಿದ ದೊಡ್ಡ ಭೂಪಟಗಳೂ ನಿಮ್ಮ ಪಾಠದಲ್ಲಿದ್ದರೆ ಅವುಗಳಿಗೆ ಬೇರೆಯೇ ಉಪಚಾರ ಬೇಕು. ಅವುಗಳ ಬೆಲೆ ಇರುವುದೇ ಸಣ್ಣ ಬರಹದಲ್ಲಿ, 1600 ಪಿಕ್ಸೆಲ್‌ಗೆ ಇಳಿಸಿದರೆ ಊರುಗಳ ಹೆಸರು ಓದಲು ಬರುವುದಿಲ್ಲ. ಪೂರ್ಣ ಅಳತೆಯಲ್ಲಿ ಹಾಕಿದರೆ ಪುಟ ತೆರೆಯುವುದಿಲ್ಲ. ಪುಟದಲ್ಲಿ ಚಿಕ್ಕ ಪ್ರತಿಯನ್ನು ತೋರಿಸಿ, ಹೈಪರ್‌ರೆಫ್ ಪ್ಯಾಕೇಜಿನ ಎಚ್‌ರೆಫ್ ಆದೇಶದೊಳಗೆ ಆ ಚಿತ್ರವನ್ನಿಟ್ಟು ಪೂರ್ಣ ಪ್ರತಿಯ ಕಡೆಗೆ ಕೊಂಡಿ ಕೊಡಿ, ಆ ಪ್ರತಿ ಎಷ್ಟು ಮೆಗಾಬೈಟ್ ಎಂಬುದನ್ನೂ ಕ್ಯಾಪ್ಷನ್‌ನಲ್ಲಿ ಬರೆಯಿರಿ. ಮೊಬೈಲ್ ಡೇಟಾದಲ್ಲಿ ತೆರೆಯಬೇಕೋ, ಕಾಲೇಜಿನ ವೈಫೈ ಸಿಗುವವರೆಗೆ ಕಾಯಬೇಕೋ ಎಂಬುದನ್ನು ಆಗ ವಿದ್ಯಾರ್ಥಿಯೇ ತೀರ್ಮಾನಿಸಬಹುದು.